ದೊಡ್ಡ ಬೇಟೆಗೆ ಯಾವ ತೋಟಾ ಸಾಕು? ಮೃಗದ ಕಡೆಯಿಂದ ಹಿಂದಕ್ಕೆ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ತೋಟಾ ಪೆಟ್ಟಿಗೆಯ ಮೇಲೆ ಮೂರೂವರೆ ಸಾವಿರ ಜೂಲ್ ಶಕ್ತಿ ಎಂದು ಅಚ್ಚಾಗಿತ್ತು, ಈಡು ಪಕ್ಕೆಗೇ ತಾಗಿತ್ತು, ಆದರೂ ಮೃಗ ಓಡಿಹೋಯಿತು, ಕತ್ತಲಾಗುವವರೆಗೆ ಹುಡುಕಿದರೂ ಸಿಗಲಿಲ್ಲ. ಹೀಗೆ ಹೇಳಿಕೊಂಡು ಬರುವವರು ಕೊನೆಗೆ ಕೇಳುವುದು ಒಂದೇ ಪ್ರಶ್ನೆ: ಇದಕ್ಕಿಂತ ದೊಡ್ಡ ತೋಟಾ ತೆಗೆದುಕೊಳ್ಳಲೇ? ಹತ್ತರಲ್ಲಿ ಎಂಟು ಸಲ ಬೇಕಾಗಿಲ್ಲ. ಅವರು ಲೆಕ್ಕವನ್ನು ತಪ್ಪು ತುದಿಯಿಂದ ಶುರು ಮಾಡಿರುತ್ತಾರೆ. ಪೆಟ್ಟಿಗೆಯ ಮೇಲಿನ ಅಂಕಿ ನಳಿಗೆಯ ಬಾಯಲ್ಲಿ ಅಳೆದದ್ದು, ಮೃಗ ನಿಂತಿರುವುದು ಇನ್ನೂರು ಮೀಟರ್ ಆಚೆ. ಅಲ್ಲಿಗೆ ತಲುಪುವಾಗ ಗುಂಡಿಗೆ ಎಷ್ಟು ವೇಗ ಉಳಿದಿರುತ್ತದೆ, ಆ ವೇಗದಲ್ಲಿ ಆ ಗುಂಡು ಅರಳುತ್ತದೆಯೇ (ಮೂಗು ಅಣಬೆಯಂತೆ ಅಗಲವಾಗುತ್ತದೆಯೇ), ಅರಳಿದ ಮೇಲೂ ಶ್ವಾಸಕೋಶದ ತನಕ ಇಳಿಯುತ್ತದೆಯೇ? ಈ ಮೂರಕ್ಕೆ ಉತ್ತರ ಸಿಗುವವರೆಗೆ ತೋಟಾದ ಹೆಸರು ಹಿಡಿದು ವಾದ ಮಾಡಿ ಫಲವಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಪರವಾನಗಿ ಪಡೆದು ಕಾನೂನುಬದ್ಧವಾಗಿ ಬೇಟೆಯಾಡುವ ಕಡೆಗಳಿಗೆ ಮಾತ್ರ ಇದು ಅನ್ವಯಿಸುತ್ತದೆ.

## ಬೇಕಾಗುವ ಸಾಮಾನು

ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ (ಸ್ವಂತದ್ದೇ ಆಗಬೇಕಿಲ್ಲ, ಶೂಟಿಂಗ್ ರೇಂಜಿನಲ್ಲಿ ಎರವಲು ಸಿಗುತ್ತದೆ), ಫೋನಿನಲ್ಲಿ ಗುಂಡಿನ ಹಾರಾಟ ಲೆಕ್ಕ ಹಾಕುವ ಒಂದು ಬ್ಯಾಲಿಸ್ಟಿಕ್ ಕ್ಯಾಲ್ಕುಲೇಟರ್, ಒಂದು ನೋಟ್‌ಬುಕ್, 20 ಸೆಂ.ಮೀ. ಅಡ್ಡಳತೆಯ ಕಾಗದದ ತಟ್ಟೆಗಳು, ನಾಲ್ಕು ಲೀಟರಿನ ಪ್ಲಾಸ್ಟಿಕ್ ಕ್ಯಾನ್ ಹತ್ತು, 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ. ಕಿವಿಗೂ ಕಣ್ಣಿಗೂ ರಕ್ಷಣೆ. ಪರೀಕ್ಷೆ ಮಾಡುವ ಜಾಗದ ಹಿಂದೆ ಗುಂಡು ತಡೆಯುವ ಮಣ್ಣಿನ ದಿಬ್ಬ ಇರಲೇಬೇಕು.

## ಹಂತ 1: ಮೊದಲು ಮೃಗವನ್ನು ಅಳೆಯಿರಿ

ಯಾವ ಪ್ರಾಣಿ, ಎಷ್ಟು ತೂಕ, ಯಾವ ಕೋನದಿಂದ ಈಡು ಹಾಕುವ ಸಂದರ್ಭ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಮಧ್ಯಮ ಗಾತ್ರದ ಜಿಂಕೆಯ ಎದೆಗೂಡಿನ ಅಡ್ಡಗಲ ಒಂದಡಿಯ ಆಸುಪಾಸು, ಉತ್ತರದ ಚಳಿ ದೇಶಗಳ ಭಾರಿ ಜಿಂಕೆಯಾದ ಮೂಸ್‌ನದು ಎರಡಡಿಯ ಹತ್ತಿರ. ಪೂರ್ತಿ ಅಡ್ಡ ನಿಂತ ಪ್ರಾಣಿಯಲ್ಲಿ ಗುಂಡು ಪಕ್ಕೆಲುಬು ದಾಟಿದರೆ ಸಾಕು, ಮುಂದಿರುವುದು ಮೆತ್ತನೆಯ ಶ್ವಾಸಕೋಶ. ಅದೇ ಪ್ರಾಣಿ ಓರೆಯಾಗಿ ನಿಮ್ಮ ಕಡೆ ತಿರುಗಿದ್ದರೆ ಹೆಗಲ ಮೂಳೆ ಅಡ್ಡ ಬರುತ್ತದೆ. ಓರೆಯಾಗಿ ಆಚೆ ತಿರುಗಿದ್ದರೆ ಗುಂಡು ಹೊಟ್ಟೆಯ ಅಂಚನ್ನು ದಾಟಿ ಮುಂದಕ್ಕೆ ಹೋಗಬೇಕು, ಕ್ರಮಿಸುವ ದಾರಿ ಸುಮಾರು ದುಪ್ಪಟ್ಟಾಗುತ್ತದೆ.

ಗುಂಡು ಕೊಲ್ಲುವ ಬಗೆ ಇಲ್ಲೇ ಸ್ಪಷ್ಟವಾಗಲಿ. ಮಿದುಳು ಅಥವಾ ಬೆನ್ನುಹುರಿಗೆ ತಾಗಿದರೆ ಪ್ರಾಣಿ ನಿಂತಲ್ಲೇ ಕುಸಿಯುತ್ತದೆ. ಉಳಿದ ಎಲ್ಲ ಈಡುಗಳೂ ರಕ್ತಸ್ರಾವದಿಂದ ಕೊಲ್ಲುತ್ತವೆ, ಅದಕ್ಕೆ ಸಮಯ ಬೇಕು. ಹೃದಯವೇ ಛಿದ್ರವಾಗಿದ್ದರೂ ಮಿದುಳಿನಲ್ಲಿ ಉಳಿದ ಆಮ್ಲಜನಕದ ಬಲದಲ್ಲಿ ಪ್ರಾಣಿ ಹತ್ತು ಹದಿನೈದು ಸೆಕೆಂಡು ಓಡಬಲ್ಲದು. ಅಷ್ಟರಲ್ಲಿ ನೂರು ಮೀಟರ್ ದಾಟಿರುತ್ತದೆ. "ಓಡಿತು, ಆದ್ದರಿಂದ ತೋಟಾ ಸೋತಿತು" ಎನ್ನುವವರು ಎಷ್ಟೋ ಸಲ ಸರಿಯಾಗಿಯೇ ಬಿದ್ದ ಈಡನ್ನು ದೂರುತ್ತಿರುತ್ತಾರೆ.

## ಹಂತ 2: ಕಾನೂನಿನ ಕನಿಷ್ಠ ಮಿತಿ ನೋಡಿಕೊಳ್ಳಿ

ಬೇಟೆಯಾಡುವ ದೇಶದ ನಿಯಮ ಓದದೆ ಮುಂದಕ್ಕೆ ಹೋಗಬೇಡಿ. ಜರ್ಮನಿಯಲ್ಲಿ ಸಣ್ಣ ಗಾತ್ರದ ರೋ ಜಿಂಕೆಗೆ 100 ಮೀಟರಿನಲ್ಲಿ ಕನಿಷ್ಠ 1000 ಜೂಲ್ ಇರಬೇಕು. ಅದಕ್ಕಿಂತ ದೊಡ್ಡ ಗೊರಸಿನ ಪ್ರಾಣಿಗಳಿಗೆ ಕನಿಷ್ಠ 6.5 ಮಿ.ಮೀ. ಕ್ಯಾಲಿಬರ್ (ಗುಂಡಿನ ಅಡ್ಡಳತೆ), 100 ಮೀಟರಿನಲ್ಲಿ 2000 ಜೂಲ್. ಫಿನ್ಲೆಂಡಿನಲ್ಲಿ ಮೂಸ್‌ಗೆ 9 ಗ್ರಾಂ ಗುಂಡಾದರೆ 100 ಮೀಟರಿನಲ್ಲಿ 2700 ಜೂಲ್, 10 ಗ್ರಾಂ ಅಥವಾ ಹೆಚ್ಚಾದರೆ 2000 ಜೂಲ್. ಆಫ್ರಿಕಾದ ಹಲವು ದೇಶಗಳಲ್ಲಿ ಕಾಡೆಮ್ಮೆ, ಆನೆಯಂಥ ಅಪಾಯಕಾರಿ ಮೃಗಗಳಿಗೆ .375 ಇಂಚು ಕನಿಷ್ಠ ಕ್ಯಾಲಿಬರ್.

ಫಿನ್ಲೆಂಡಿನ ನಿಯಮವನ್ನು ಇನ್ನೊಮ್ಮೆ ಓದಿ. ಗುಂಡು ಭಾರವಾದಷ್ಟೂ ಕಡಿಮೆ ಶಕ್ತಿ ಸಾಕು ಎನ್ನುತ್ತದೆ ಅದು. ಶಕ್ತಿಯೊಂದರಿಂದಲೇ ತೋಟಾವನ್ನು ಅಳೆಯಲಾಗದು ಎಂಬ ಅನುಭವ ಆ ಒಂದು ಸಾಲಿನಲ್ಲಿ ಕೂತಿದೆ.

## ಹಂತ 3: ತೋಟಾ ಬೇರೆ, ಗುಂಡು ಬೇರೆ ಎಂದು ಬಿಡಿಸಿ ನೋಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. .30-30, .308 ವಿಂಚೆಸ್ಟರ್, .30-06 ಸ್ಪ್ರಿಂಗ್‌ಫೀಲ್ಡ್, .300 ವಿಂಚೆಸ್ಟರ್ ಮ್ಯಾಗ್ನಮ್ ಈ ನಾಲ್ಕು ತೋಟಾಗಳಲ್ಲೂ ಗುಂಡಿನ ಅಡ್ಡಳತೆ ಒಂದೇ: 0.308 ಇಂಚು. ಬದಲಾಗುವುದು ಹಿಂದಿನ ಲೋಹದ ಕೇಸಿನಲ್ಲಿ ಹಿಡಿಯುವ ಮದ್ದು, ಅದರಿಂದ ಬರುವ ವೇಗ. ಮ್ಯಾಗ್ನಮ್ ಎಂದರೆ ಹೆಚ್ಚು ಮದ್ದು ಹಿಡಿಯುವ ತೋಟಾ. (ಅಡ್ಡಳತೆ ಒಂದೇ ಎಂದು ಒಂದರ ತೋಟಾವನ್ನು ಇನ್ನೊಂದರ ರೈಫಲ್ಲಿಗೆ ತುಂಬಬಾರದು. ನಳಿಗೆಯ ಮೇಲೆ ಏನು ಕೆತ್ತಿದೆಯೋ ಅದೇ ತೋಟಾ. ತಪ್ಪು ತೋಟಾ ಸಿಡಿದರೆ ಕೋವಿ ಒಡೆದು ನಿಮ್ಮ ಮುಖಕ್ಕೇ ಬರಬಹುದು.)

ತೋಟಾ ಗುಂಡನ್ನು ಮೃಗದವರೆಗೆ ಒಯ್ಯುವ ಗಾಡಿ. ಮೃಗದೊಳಗೆ ಕೆಲಸ ಮಾಡುವುದು ಗುಂಡು. ಗುಂಡುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ.

ಸೀಸದ ತಿರುಳಿಗೆ ತಾಮ್ರದ ಹೊದಿಕೆ ಹಾಕಿದ ಸಾದಾ ಗುಂಡು ಬೇಗ ಅರಳುತ್ತದೆ, ಜಿಂಕೆಗೆ ಒಳ್ಳೆಯದು. ಆದರೆ ತೀರಾ ಹತ್ತಿರದಲ್ಲಿ, ತೀರಾ ವೇಗದಲ್ಲಿ ಹೆಗಲ ಮೂಳೆಗೆ ಬಡಿದರೆ ಚೂರಾಗಿಬಿಡಬಹುದು. ಹೊದಿಕೆಗೆ ಸೀಸವನ್ನು ಬೆಸೆದ ಬಾಂಡೆಡ್ ಗುಂಡು ಅರಳಿದರೂ ತೂಕ ಉಳಿಸಿಕೊಳ್ಳುತ್ತದೆ. ನಡುವೆ ತಾಮ್ರದ ಗೋಡೆಯಿರುವ ಪಾರ್ಟಿಷನ್ ಗುಂಡಿನಲ್ಲಿ ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಹಾಗೇ ಮುನ್ನುಗ್ಗುತ್ತದೆ. ಅಮೆರಿಕದ ಜಾನ್ ನಾಸ್ಲರ್ ಇದನ್ನು ಮಾಡಿದ್ದು ಒಂದು ಸೋಲಿನಿಂದ. 1946ರಲ್ಲಿ ಕೆನಡಾದಲ್ಲಿ ಕೆಸರು ಮೆತ್ತಿಕೊಂಡ ಮೂಸ್ ಒಂದಕ್ಕೆ ಅವರ .300 ಎಚ್ ಅಂಡ್ ಎಚ್ ಮ್ಯಾಗ್ನಮ್ಮಿನ ಗುಂಡುಗಳು ಒಳಗಿಳಿಯಲಿಲ್ಲ. ಅವರು ತೋಟಾ ದೊಡ್ಡದು ಮಾಡಲಿಲ್ಲ, ಗುಂಡನ್ನು ಬದಲಿಸಿದರು. 1948ರಲ್ಲಿ ಅದು ಮಾರಾಟಕ್ಕೆ ಬಂತು. ನಾಲ್ಕನೆಯದು ಪೂರ್ತಿ ತಾಮ್ರದ ಗುಂಡು. ಮುಂದಿನ ಕುಳಿ ನಾಲ್ಕು ಎಸಳಾಗಿ ಬಿಚ್ಚಿಕೊಳ್ಳುತ್ತದೆ, ತೂಕ ಬಹುತೇಕ ಹಾಗೇ ಉಳಿಯುತ್ತದೆ, ಆಳಕ್ಕೆ ಇಳಿಯುತ್ತದೆ. ಆದರೆ ಅರಳಲು ಹೆಚ್ಚು ವೇಗ ಬೇಡುತ್ತದೆ.

ಜಿಂಕೆಯಷ್ಟು ಗಾತ್ರಕ್ಕೆ ಸಾದಾ ಗುಂಡು ಸಾಕು. ಎಲ್ಕ್ (ಅಮೆರಿಕದ ದೊಡ್ಡ ಜಿಂಕೆ), ಮೂಸ್, ದೊಡ್ಡ ಕಾಡುಹಂದಿಗೆ ಉಳಿದ ಮೂರರಲ್ಲೊಂದು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಒಂದು ಈಡಿನಲ್ಲಿ ಉಳಿಸುವ ಹಣ ಎಷ್ಟೇ ಇರಲಿ, ಗಾಯಗೊಂಡು ರಾತ್ರಿಯಿಡೀ ನರಳುವ ಪ್ರಾಣಿಗೆ ಅದು ಸಮನಲ್ಲ.

## ಹಂತ 4: ಗುಂಡಿನ ಭಾರ–ಅಡ್ಡಳತೆಯ ಅನುಪಾತ ಹಾಕಿ

ಒಂದೇ ಅಡ್ಡಳತೆಯಲ್ಲಿ ಗುಂಡು ಭಾರವಾದಷ್ಟೂ ಉದ್ದವಾಗಿರುತ್ತದೆ, ಒಂದೇ ಬಗೆಯ ಕಟ್ಟು ಇದ್ದರೆ ಆಳಕ್ಕೂ ಇಳಿಯುತ್ತದೆ. ಇದನ್ನು ಅಳೆಯುವ ಅಂಕಿಯೇ ಸೆಕ್ಷನಲ್ ಡೆನ್ಸಿಟಿ. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ (ಗುಂಡು ತೂಗುವ ಸಣ್ಣ ಮಾನ, ಒಂದು ಪೌಂಡಿಗೆ 7000) ತೆಗೆದುಕೊಂಡು 7000ದಿಂದ ಭಾಗಿಸಿ, ಬಂದದ್ದನ್ನು ಇಂಚಿನ ಅಡ್ಡಳತೆಯ ವರ್ಗದಿಂದ ಭಾಗಿಸಿ.

.224 ಅಡ್ಡಳತೆಯ 55 ಗ್ರೇನ್ ಗುಂಡಿಗೆ 0.157 ಬರುತ್ತದೆ. .243ರ 100 ಗ್ರೇನ್‌ಗೆ 0.242, .308ರ 150 ಗ್ರೇನ್‌ಗೆ 0.226, 180 ಗ್ರೇನ್‌ಗೆ 0.271. 6.5 ಮಿ.ಮೀ. 140 ಗ್ರೇನ್‌ಗೆ 0.287, .375ರ 300 ಗ್ರೇನ್‌ಗೆ 0.305. ಹೆಗಲಿಗೆ ಒದೆತ ಕಡಿಮೆಯಿರುವ 6.5×55 ಸ್ವೀಡಿಷ್ ತೋಟಾ ಸ್ವೀಡನ್, ನಾರ್ವೆಗಳಲ್ಲಿ ತಲೆಮಾರುಗಳಿಂದ ಮೂಸ್ ಬೇಟೆಗೆ ಬಳಕೆಯಲ್ಲಿರುವುದು ಹೇಗೆಂದು ಈ ಅಂಕಿ ಹೇಳುತ್ತದೆ. ಉದ್ದನೆಯ ಭಾರದ ಗುಂಡು, ಮಿತವಾದ ವೇಗ, ಒಳಗಿಳಿಯುವ ಆಳ.

ಎಚ್ಚರಿಕೆ: ಈ ಅಂಕಿ ಅರಳುವ ಮೊದಲಿನ ಗುಂಡಿನದು. 150 ಗ್ರೇನಿನ ತಾಮ್ರದ ಗುಂಡು ತೂಕ ಉಳಿಸಿಕೊಂಡು 180 ಗ್ರೇನಿನ ಸಾದಾ ಗುಂಡಿಗಿಂತ ಆಳಕ್ಕೆ ಹೋಗಬಹುದು. ಆದ್ದರಿಂದ ಒಂದೇ ಬಗೆಯ ಗುಂಡುಗಳ ನಡುವೆ ಮಾತ್ರ ಹೋಲಿಸಿ.

## ಹಂತ 5: ನಿಮ್ಮ ಕೋವಿಯಲ್ಲೇ ವೇಗ ಅಳೆಯಿರಿ

ಪೆಟ್ಟಿಗೆಯ ಮೇಲಿನ ವೇಗವನ್ನು ಸಾಮಾನ್ಯವಾಗಿ 24 ಇಂಚಿನ ನಳಿಗೆಯಲ್ಲಿ ಅಳೆದಿರುತ್ತಾರೆ. ನಿಮ್ಮದು 20 ಇಂಚು ಇದ್ದರೆ ಇಂಚಿಗೆ ಏಳೆಂಟು ಮೀಟರಿನಂತೆ ಸೆಕೆಂಡಿಗೆ 30 ಮೀಟರ್ ಹೋಯಿತು. ಮ್ಯಾಗ್ನಮ್ ತೋಟಾಗಳಲ್ಲಿ ಇನ್ನೂ ಹೆಚ್ಚು. ಐದು ಈಡು ಹಾರಿಸಿ ಸರಾಸರಿ ತೆಗೆಯಿರಿ. ಹವೆ ಬಿಸಿಯಿದೆಯೋ ತಂಪಿದೆಯೋ ಬರೆದಿಡಿ, ಚಳಿಯಲ್ಲಿ ಮದ್ದು ನಿಧಾನಕ್ಕೆ ಉರಿದು ವೇಗ ಇಳಿಯುತ್ತದೆ.

## ಹಂತ 6: ಗುಂಡು ಅರಳುವುದು ನಿಲ್ಲುವ ದೂರ ಕಂಡುಹಿಡಿಯಿರಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡುತ್ತೇನೆ ಎನ್ನುವವರು ಇದನ್ನು ಮಾಡಲಿ.

ಪ್ರತಿ ಗುಂಡಿಗೂ ಅರಳಲು ಕನಿಷ್ಠ ವೇಗವೊಂದಿದೆ. ಸಾದಾ ಗುಂಡುಗಳಿಗೆ ಸಾಮಾನ್ಯವಾಗಿ ಸೆಕೆಂಡಿಗೆ 550 ಮೀಟರ್ (1800 ಅಡಿ), ಪೂರ್ತಿ ತಾಮ್ರದ ಹಲವು ಗುಂಡುಗಳಿಗೆ 610 ಮೀಟರ್ (2000 ಅಡಿ) ಆಸುಪಾಸು. ತಯಾರಕರು ತಮ್ಮ ಗುಂಡಿನ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಅದಕ್ಕಿಂತ ಕಡಿಮೆ ವೇಗದಲ್ಲಿ ತಾಗಿದ ಗುಂಡು ಸೂಜಿಯ ಹಾಗೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುತ್ತದೆ. ಒಳಗೆ ಸಣ್ಣ ತೂತು, ನೆಲದ ಮೇಲೆ ರಕ್ತವೇ ಇಲ್ಲ.

ಉದಾಹರಣೆಗೆ .308 ವಿಂಚೆಸ್ಟರ್, 150 ಗ್ರೇನ್ ಗುಂಡು, ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್ (ಗುಂಡು ಗಾಳಿಯ ತಡೆಯನ್ನು ಎಷ್ಟು ಚೆನ್ನಾಗಿ ಮೀರುತ್ತದೆ ಎಂಬ ಅಂಕಿ) 0.35 ಎಂದುಕೊಳ್ಳಿ. ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 860 ಮೀಟರ್ ಎಂದಿದೆ, ನಿಮ್ಮ ಗಿಡ್ಡ ನಳಿಗೆಯಲ್ಲಿ ಕ್ರೋನೋಗ್ರಾಫ್ 830 ತೋರಿಸಿತು. ಕ್ಯಾಲ್ಕುಲೇಟರಿಗೆ 830 ಹಾಕಿದರೆ ವೇಗ 550ಕ್ಕೆ ಇಳಿಯುವುದು ಸುಮಾರು 350 ಮೀಟರಿನಲ್ಲಿ. ಅದೇ ತೂಕದ, ಅದೇ ಕೋಎಫಿಶಿಯೆಂಟಿನ ತಾಮ್ರದ ಗುಂಡಿಗೆ 610 ಬೇಕೆಂದರೆ ಮಿತಿ ಸುಮಾರು 270 ಮೀಟರಿಗೇ ಬಂತು. ಪೆಟ್ಟಿಗೆಯ 860ನ್ನೇ ನಂಬಿದ್ದರೆ ಸಾದಾ ಗುಂಡಿನ ಮಿತಿ 380 ಮೀಟರ್ ಎಂದುಕೊಳ್ಳುತ್ತಿದ್ದಿರಿ. ಆ ಹೆಚ್ಚುವರಿ 30 ಮೀಟರಿನಲ್ಲೇ ಗಾಯಗೊಂಡ ಪ್ರಾಣಿಗಳು ಕಳೆದುಹೋಗುತ್ತವೆ.

ನಿಧಾನದ ತೋಟಾಗಳಲ್ಲಿ ಇದು ಇನ್ನೂ ತೀವ್ರ. .30-30ಯ 170 ಗ್ರೇನ್ ಗುಂಡು ಸೆಕೆಂಡಿಗೆ 670 ಮೀಟರಿನಲ್ಲಿ ಹೊರಟು 200 ಗಜ (183 ಮೀಟರ್) ತಲುಪುವಷ್ಟರಲ್ಲಿ 500 ಮೀಟರಿಗಿಂತ ಕೆಳಗಿಳಿದಿರುತ್ತದೆ. ಆ ತೋಟಾಕ್ಕೆಂದೇ ಮಾಡಿದ ಮೃದು ಗುಂಡುಗಳು ಕಡಿಮೆ ವೇಗದಲ್ಲೂ ಅರಳುತ್ತವೆ, ಅದಕ್ಕೇ ಅದು ಪೊದೆಕಾಡಿನಲ್ಲಿ ಇಂದಿಗೂ ನಡೆಯುತ್ತಿದೆ. ಮ್ಯಾಗ್ನಮ್ಮಿಗೆಂದು ಮಾಡಿದ ಗಟ್ಟಿ ಗುಂಡನ್ನು ಅದೇ ವೇಗಕ್ಕೆ ಇಳಿಸಿದರೆ ಅರಳುವುದೇ ಇಲ್ಲ.

ಎದುರು ಬದಿಯ ಅಪಾಯವನ್ನೂ ನೋಡಿ. 30 ಮೀಟರಿನಲ್ಲಿ ಮೃಗ ಎದುರಾದರೆ ವೇಗ ಗರಿಷ್ಠವಿರುತ್ತದೆ. .300 ಮ್ಯಾಗ್ನಮ್ಮಿನಲ್ಲಿ ಮೃದು ಗುಂಡು ಆಗ ಹೆಗಲ ಮೇಲ್ಮೈಯಲ್ಲೇ ಸಿಡಿಯಬಹುದು. ನಿಮ್ಮ ನೋಟ್‌ಬುಕ್ಕಿನಲ್ಲಿ ಕನಿಷ್ಠ ದೂರಕ್ಕೂ ಗರಿಷ್ಠ ದೂರಕ್ಕೂ ಒಂದೊಂದು ಸಾಲು ಇರಲಿ.

## ಹಂತ 7: ಶಕ್ತಿಯ ಲೆಕ್ಕ ಈಗ ಹಾಕಿ, ಮೊದಲಲ್ಲ

ಸೂತ್ರ ಸರಳ: ಗುಂಡಿನ ತೂಕ ಗ್ರಾಂನಲ್ಲಿ × ವೇಗ × ವೇಗ ÷ 2000. ಉತ್ತರ ಜೂಲ್‌ನಲ್ಲಿ ಬರುತ್ತದೆ. ವೇಗ ಹಾಕುವಾಗ ನಳಿಗೆಯ ಬಾಯಿಯದ್ದು ಬೇಡ, ಆರನೇ ಹಂತದಲ್ಲಿ ಸಿಕ್ಕ ಗುರಿಯ ವೇಗ ಹಾಕಿ. .30-06ರ 180 ಗ್ರೇನ್ (11.66 ಗ್ರಾಂ) ಗುಂಡು ಸೆಕೆಂಡಿಗೆ 823 ಮೀಟರಿನಲ್ಲಿ ಹೊರಡುವಾಗ ಸುಮಾರು 3950 ಜೂಲ್. 300 ಮೀಟರಿನಲ್ಲಿ ವೇಗ 630ರ ಆಸುಪಾಸಿಗೆ ಇಳಿದರೆ ಸುಮಾರು 2300 ಜೂಲ್ ಉಳಿಯಿತು.

ಜಿಂಕೆಗೆ 1000 ಫುಟ್-ಪೌಂಡ್ (ಸುಮಾರು 1350 ಜೂಲ್), ಎಲ್ಕ್‌ಗೆ 1500 ಫುಟ್-ಪೌಂಡ್ (ಸುಮಾರು 2030 ಜೂಲ್) ಎಂಬ ರೂಢಿಯ ಅಳತೆ ಬೇಟೆಗಾರರಲ್ಲಿದೆ. ಶಕ್ತಿ ಯಾವ ದೂರದವರೆಗೆ ಸಾಕೆಂದು ಅಂದಾಜು ಮಾಡಲು ಅದು ಉಪಯೋಗಕ್ಕೆ ಬರುತ್ತದೆ, ತೀರ್ಪು ಕೊಡಲು ಬರುವುದಿಲ್ಲ. ಯಾಕೆಂದು ನೋಡಿ: .22-250ಯ 55 ಗ್ರೇನ್ ಗುಂಡು ಸೆಕೆಂಡಿಗೆ 1120 ಮೀಟರಿನಲ್ಲಿ ಹೊರಟರೆ 2230 ಜೂಲ್. .45-70 ಗವರ್ನಮೆಂಟ್‌ನ ಹಳೆಯ 405 ಗ್ರೇನ್ ಗುಂಡು 405 ಮೀಟರಿನಲ್ಲಿ ಹೊರಟರೆ 2150 ಜೂಲ್. ಕಾಗದದ ಮೇಲೆ ಮೊದಲನೆಯದೇ ಒಂದು ಕೈ ಮೇಲು. ಆದರೆ ಅದರಲ್ಲಿರುವುದು ನರಿಯಂಥ ಸಣ್ಣ ಪ್ರಾಣಿಗೆಂದು ಮಾಡಿದ, ತಾಗಿದೊಡನೆ ಸಿಡಿಯುವ ಮೂರೂವರೆ ಗ್ರಾಂ ಗುಂಡು. ಇನ್ನೊಂದು 26 ಗ್ರಾಂ ಸೀಸ, ದೊಡ್ಡ ಪ್ರಾಣಿಯ ಎದೆಯನ್ನು ಹಾದುಹೋಗುತ್ತದೆ.

"ಮೃಗವನ್ನು ಕೆಡವುವ ಬಲ" ಎಂಬ ಮಾತನ್ನೂ ಇಲ್ಲೇ ಪರೀಕ್ಷಿಸಿಬಿಡಿ. ಮೇಲಿನ .30-06 ಗುಂಡಿನ ಪೂರ್ತಿ ಸಂವೇಗವನ್ನು 200 ಕಿಲೋ ಪ್ರಾಣಿ ಹೀರಿಕೊಂಡರೂ ಅದು ಹಿಂದಕ್ಕೆ ಸರಿಯುವುದು ಸೆಕೆಂಡಿಗೆ ಐದು ಸೆಂಟಿಮೀಟರ್ ವೇಗದಲ್ಲಿ. ಹೆಗಲಿಗಿಟ್ಟು ಹೊಡೆಯುವ ಯಾವ ಕೋವಿಯ ಗುಂಡೂ ಮೃಗವನ್ನು ತಳ್ಳಿ ಬೀಳಿಸುವುದಿಲ್ಲ. ಆಫ್ರಿಕಾದಲ್ಲಿ ಬೇಟೆಯಾಡಿದ ಜಾನ್ ಟೇಲರ್ ಅವರ ನಾಕ್-ಔಟ್ ಅಂಕಿಯನ್ನು (ಗುಂಡಿನ ತೂಕ, ವೇಗ, ಅಡ್ಡಳತೆಗಳಿಂದ ಹಾಕುವ ಲೆಕ್ಕ) ಜಿಂಕೆ ಬೇಟೆಗೆ ತಂದು ಹೋಲಿಸುವವರೂ ಇದ್ದಾರೆ. ಅದು ಹುಟ್ಟಿದ್ದು ಆನೆಯ ತಲೆಗೆ ಹೊಡೆದ ಗಟ್ಟಿ ಗುಂಡು ಮಿದುಳಿಗೆ ಸ್ವಲ್ಪದರಲ್ಲಿ ತಪ್ಪಿದಾಗ ಏನಾಗುತ್ತದೆ ಎಂದು ತೂಗಲು. ಅರಳುವ ಗುಂಡಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಇನ್ನೊಂದು ವಾದ ಪದೇ ಪದೇ ಬರುತ್ತದೆ: ಆಫ್ರಿಕಾದ ಆನೆ ಬೇಟೆಗಾರ ಡಬ್ಲ್ಯು.ಡಿ.ಎಂ. ಬೆಲ್ 7×57ರಂಥ ಸಣ್ಣ ತೋಟಾದಿಂದ ನೂರಾರು ಆನೆ ಹೊಡೆದಿದ್ದರಲ್ಲ ಎಂದು. ಹೊಡೆದಿದ್ದರು. ಅರಳದ ಗಟ್ಟಿ ಗುಂಡಿನಿಂದ, ಆನೆಯ ತಲೆಬುರುಡೆಯ ಒಳರಚನೆಯನ್ನು ಅಭ್ಯಾಸ ಮಾಡಿ, ಮಿದುಳಿಗೆ ನೇರವಾಗಿ ಹೊಡೆದರು. ಆ ವಾದ ಗುಂಡಿನ ಕಟ್ಟು ಮತ್ತು ಗುರಿಯ ಪರವಾಗಿ ನಿಲ್ಲುತ್ತದೆ, ಸಣ್ಣ ತೋಟಾದ ಪರವಾಗಿ ನಿಲ್ಲುವುದಿಲ್ಲ.

## ಹಂತ 8: ನೀರಿನ ಕ್ಯಾನುಗಳಲ್ಲಿ ಗುಂಡನ್ನು ಹಿಡಿದು ನೋಡಿ

ಪ್ರಯೋಗಾಲಯಗಳಲ್ಲಿ 10 ಶೇಕಡಾ ಜೆಲಟಿನ್ ಗಟ್ಟಿಯನ್ನು 4 ಡಿಗ್ರಿಗೆ ತಂಪು ಮಾಡಿ ಪರೀಕ್ಷಿಸುತ್ತಾರೆ. ನಮಗೆ ನೀರು ಸಾಕು. ಕ್ಯಾನುಗಳನ್ನು ಅಂಚಿನವರೆಗೆ ತುಂಬಿ, ಒಂದಕ್ಕೊಂದು ತಾಗುವಂತೆ ಹಲಗೆಯ ಮೇಲೆ ಸಾಲಾಗಿ ಇಡಿ. ನೂರು ಮೀಟರಿನಿಂದ ಮೊದಲ ಕ್ಯಾನಿನ ಮಧ್ಯಕ್ಕೆ ಒಂದು ಈಡು.

ಮೊದಲ ಕ್ಯಾನು ಒಡೆದು ಚಿಂದಿಯಾಗುತ್ತದೆ. ಎರಡನೆಯದರ ಹೊಲಿಗೆ ಬಿಚ್ಚಿಕೊಂಡಿರುತ್ತದೆ. ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ತೂತು ಮಾತ್ರ, ಮುಂದಿನದರ ತಳದಲ್ಲಿ ಗುಂಡು. ಅದನ್ನು ಅಂಗೈ ಮೇಲಿಟ್ಟುಕೊಂಡು ನೋಡಿ. ಸೀಸ ಅಣಬೆಯ ತಲೆಯಂತೆ ಮಡಿಚಿಕೊಂಡು, ತಾಮ್ರದ ಹೊದಿಕೆ ಎಸಳೆಸಳಾಗಿ ಹಿಂದಕ್ಕೆ ಸುರುಳಿ ಸುತ್ತಿದ್ದರೆ ಗುಂಡು ತನ್ನ ಕೆಲಸ ಮಾಡಿದೆ. ಅಡ್ಡಳತೆ ಮೊದಲಿನ ಒಂದೂವರೆಯಿಂದ ಎರಡು ಪಟ್ಟಾಗಿರಬೇಕು. ಖಾಲಿ ಹೊದಿಕೆ ಒಂದು ಕ್ಯಾನಿನಲ್ಲಿ, ಸೀಸದ ಚೂರುಗಳು ಇನ್ನೊಂದರಲ್ಲಿ ಸಿಕ್ಕರೆ ದೊಡ್ಡ ಮೃಗಕ್ಕೆ ಆ ಗುಂಡು ಬೇಡ. ಮೂಗು ಚೂಪಾಗಿಯೇ ಉಳಿದಿದ್ದರೆ ಅರಳಿಲ್ಲ.

ತಕ್ಕಡಿಗೆ ಹಾಕಿ ಉಳಿದ ತೂಕ ಬರೆಯಿರಿ. ಬಾಂಡೆಡ್ ಮತ್ತು ತಾಮ್ರದ ಗುಂಡುಗಳಲ್ಲಿ ಬಹುಪಾಲು ತೂಕ ಉಳಿದಿರಬೇಕು. ನಂತರ ನಿಮ್ಮ ಗರಿಷ್ಠ ದೂರದಲ್ಲೂ ಇದೇ ಪರೀಕ್ಷೆ ಮಾಡಿ, ಎರಡು ಗುಂಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಸಾಮಾನ್ಯ ತಪ್ಪು: ನೀರಿನಲ್ಲಿ ಎಷ್ಟು ಆಳಕ್ಕೆ ಹೋಯಿತೋ ಮೃಗದಲ್ಲೂ ಅಷ್ಟೇ ಹೋಗುತ್ತದೆ ಎಂದುಕೊಳ್ಳುವುದು. ನೀರಿನಲ್ಲಿ ಮೂಳೆ ಇಲ್ಲ, ತೊಗಲು ಇಲ್ಲ. ಎರಡು ಗುಂಡುಗಳ ನಡುವೆ ಹೋಲಿಸಲು ಮಾತ್ರ ಈ ಪರೀಕ್ಷೆ.

## ಹಂತ 9: ಆ ತೋಟಾವನ್ನು ನಿಮ್ಮ ಹೆಗಲು ತಾಳುತ್ತದೆಯೇ

ಒಂದೇ ತೂಕದ ರೈಫಲ್ಲಿನಲ್ಲಿ .300 ವಿಂಚೆಸ್ಟರ್ ಮ್ಯಾಗ್ನಮ್ಮಿನ ಒದೆತ .308ರದ್ದಕ್ಕಿಂತ ಒಂದೂವರೆ ಪಟ್ಟು, ಭಾರದ ಗುಂಡಿನಲ್ಲಿ ಇನ್ನೂ ಹೆಚ್ಚು. ಒದೆತಕ್ಕೆ ಹೆದರಿದ ಕೈ ಕೋವಿಯ ಕುದುರೆ (ಟ್ರಿಗರ್) ಒತ್ತುವ ಕ್ಷಣದಲ್ಲಿ ತಾನಾಗಿ ಬೆಚ್ಚುತ್ತದೆ. ಹೊಟ್ಟೆಗೆ ತಾಗಿದ .300 ಮ್ಯಾಗ್ನಮ್‌ಗಿಂತ ಶ್ವಾಸಕೋಶಕ್ಕೆ ತಾಗಿದ 6.5 ಸಾವಿರ ಪಾಲು ಮೇಲು.

20 ಸೆಂ.ಮೀ. ತಟ್ಟೆ ಜಿಂಕೆಯ ಹೃದಯ–ಶ್ವಾಸಕೋಶದ ಜಾಗಕ್ಕೆ ಹತ್ತಿರದ ಅಳತೆ. ಬೆಂಚಿನ ಮೇಲೆ ಚೀಲ ಇಟ್ಟು ಹೊಡೆಯಬೇಡಿ. ಮಂಡಿಯೂರಿ, ಕೂತು, ಊರುಗೋಲಿಗೆ ಆನಿಸಿ, ಬೇಟೆಯಲ್ಲಿ ಹೇಗೆ ಹೊಡೆಯುತ್ತೀರೋ ಹಾಗೆ. ನೂರು ಮೀಟರಿನಿಂದ ಶುರು ಮಾಡಿ 50 ಮೀಟರಿನಂತೆ ಹಿಂದಕ್ಕೆ ಹೋಗಿ. ಹತ್ತಕ್ಕೆ ಹತ್ತೂ ತಟ್ಟೆಯೊಳಗೆ ಬೀಳುವ ಕೊನೆಯ ದೂರವೇ ನಿಮ್ಮ ದೂರ. ಒಂಬತ್ತು ಬಿದ್ದರೆ ಹಿಂದಿನ ದೂರಕ್ಕೆ ಬನ್ನಿ. ಗಾಳಿ ಮರೆಯಬೇಡಿ: ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಆರನೇ ಹಂತದ .308 ಗುಂಡನ್ನು 300 ಮೀಟರಿನಲ್ಲಿ ಕಾಲು ಮೀಟರಿನಷ್ಟು ಪಕ್ಕಕ್ಕೆ ಒಯ್ಯುತ್ತದೆ.

ಈಗ ನಿಮ್ಮ ಬಳಿ ಮೂರು ದೂರಗಳಿವೆ: ಗುಂಡು ಅರಳುವ ದೂರ, ಶಕ್ತಿ ಸಾಕಾಗುವ ದೂರ, ಕೈ ಗುರಿ ತಪ್ಪದ ದೂರ. ಇವುಗಳಲ್ಲಿ ಅತಿ ಕಡಿಮೆಯದನ್ನು ತೆಗೆದುಕೊಂಡು ಕೋವಿಯ ಹಿಡಿಗೆ ಪಟ್ಟಿ ಅಂಟಿಸಿ ಬರೆಯಿರಿ. ಬಹಳ ಜನರಿಗೆ ಮೂರನೆಯದೇ ಅತಿ ಕಡಿಮೆ ಬರುತ್ತದೆ. ಹಾಗಿದ್ದರೆ ತೋಟಾ ಬದಲಿಸಿ ಲಾಭವಿಲ್ಲ, ಅಭ್ಯಾಸ ಬೇಕು.

## ಹಂತ 10: ಈಡಾದ ಮೇಲೆ ಕುರುಹುಗಳನ್ನು ಓದಿ

ಮೃಗ ಎಲ್ಲಿ ನಿಂತಿತ್ತೋ ಆ ಜಾಗಕ್ಕೆ ಹೋಗಿ ನೆಲ ನೋಡಿ. ತಿಳಿಗೆಂಪು, ನೊರೆನೊರೆಯಾದ ರಕ್ತ ಶ್ವಾಸಕೋಶದ್ದು. ಅರ್ಧ ಗಂಟೆ ಕಾದು ಜಾಡು ಹಿಡಿಯಿರಿ, ಹತ್ತಿರದಲ್ಲೇ ಸಿಗುತ್ತದೆ. ಕಪ್ಪುಗೆಂಪು ದಟ್ಟ ರಕ್ತ ಪಿತ್ತಜನಕಾಂಗದ್ದು, ಎರಡು ಮೂರು ಗಂಟೆ ಕಾಯಬೇಕು. ಹಸಿರು ಬೆರೆತು ವಾಸನೆ ಬರುತ್ತಿದ್ದರೆ ಕರುಳಿಗೆ ತಾಗಿದೆ, ಇನ್ನೂ ಹೆಚ್ಚು ಹೊತ್ತು ಬಿಡಿ. ಬೆನ್ನಟ್ಟಿದರೆ ಅದು ಮೈಲಿಗಟ್ಟಲೆ ಹೋಗುತ್ತದೆ. ಮೂಳೆಚೂರು ಸಿಕ್ಕಿ ರಕ್ತ ಬೇಗ ನಿಂತರೆ ಕಾಲಿಗೆ ತಾಗಿರಬಹುದು, ಅಥವಾ ಗುಂಡು ಮೇಲ್ಮೈಯಲ್ಲೇ ಚೂರಾಗಿರಬಹುದು. ರಕ್ತ ಕಾಣದಿದ್ದ ಮಾತ್ರಕ್ಕೆ ತಪ್ಪಿಹೋಯಿತೆಂದು ತೀರ್ಮಾನಿಸಬೇಡಿ. ನಾಯಿ ಸಿಕ್ಕಿದರೆ ನಾಯಿ ಬಿಟ್ಟು ಹುಡುಕಿಸಿ.

ಚರ್ಮ ಸುಲಿಯುವಾಗ ಗುಂಡಿನ ದಾರಿಯನ್ನು ಬೆರಳಿನಲ್ಲಿ ಹಿಡಿದು ನೋಡಿ: ಹೊಕ್ಕ ತೂತು, ಹೊರಬಿದ್ದ ತೂತು, ಮುರಿದ ಎಲುಬು, ಶ್ವಾಸಕೋಶದಲ್ಲಿ ಹರಿದುಹೋದ ಭಾಗದ ಅಗಲ. ಸೀಸದ ಗುಂಡಾದರೆ ಗಾಯದ ಸುತ್ತ ಧಾರಾಳವಾಗಿ ಕತ್ತರಿಸಿ ಎಸೆಯಿರಿ, ಕಣ್ಣಿಗೆ ಕಾಣದ ಸೀಸದ ಪುಡಿ ಮಾಂಸದೊಳಗೆ ದೂರ ಹರಡಿರುತ್ತದೆ. ಎದುರು ಬದಿಯ ಚರ್ಮದ ಕೆಳಗೆ ಗುಂಡು ಸಿಕ್ಕರೆ ತೊಳೆದು ತೂಗಿ, ದೂರ, ಕೋನ, ಮೃಗ ಓಡಿದ ಹೆಜ್ಜೆಗಳನ್ನು ಒಂದು ಚೀಟಿಯಲ್ಲಿ ಬರೆದು ಗುಂಡಿನ ಜೊತೆ ಸಣ್ಣ ಡಬ್ಬಿಯಲ್ಲಿ ಹಾಕಿಡಿ. ಮುಂದಿನ ಸಲ ಯಾರಾದರೂ ತೋಟಾದ ಹೆಸರು ಹೇಳಿ ಸಾಕೇ ಎಂದು ಕೇಳಿದಾಗ ಆ ಡಬ್ಬಿ ತೆರೆದು ತೋರಿಸಿ.